ಸೂಪರ್‌ಹೀರೋಗಳ ಬೆನ್ನುಹುರಿ

ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನನ್ನು ಓದಿಕೊಂಡು ಬೆಳೆದವರು ಮಂಗಳೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅನ್ಯಗ್ರಹದವರು ತುಂಟ ಇಲಿಯೊಂದನ್ನು ಹಿಡಿದೊಯ್ದು ಪ್ರಯೋಗ ಮಾಡಿದರು, ಇಲಿ ಹಾರುವ ವೀರನಾಯಿತು. ಎಂಥ ಪ್ರಯೋಗ ಅಂತ ನಾವ್ಯಾರೂ ಕೇಳಲಿಲ್ಲ. ಅಮೆರಿಕದ ಕಾಮಿಕ್ಸ್‌ನವರಿಗೆ ಮಾತ್ರ ಒಂದು ಕಾರಣ ಬೇಕಾಗಿತ್ತು. ಅಣುಬಾಂಬಿನ ಭಯದ ಕಾಲ ಅದು, ಸುಲಭಕ್ಕೆ ಸಿಕ್ಕಿದ್ದು ವಿಕಿರಣ. 1962ರಲ್ಲಿ ಹಲ್ಕ್‌ಗೆ ಗಾಮಾ ಬಾಂಬು, ಅದೇ ವರ್ಷ ಸ್ಪೈಡರ್‌ಮ್ಯಾನ್‌ಗೆ ವಿಕಿರಣ ತಗುಲಿದ ಜೇಡ, 1964ರಲ್ಲಿ ಡೇರ್‌ಡೆವಿಲ್‌ನ ಕಣ್ಣಿಗೆ ವಿಕಿರಣಶೀಲ ವಸ್ತು.

ವಿಕಿರಣದಿಂದ ಬಲ ಬರುವುದಾದರೆ ನಮ್ಮ ಉಳ್ಳಾಲದವರು ಎಂದೋ ಹಾರಬೇಕಿತ್ತು! ನೇತ್ರಾವತಿ ಸೇತುವೆ ದಾಟಿದರೆ ಸಿಗುವ ಆ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜ ಬೆರೆತಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಅಲ್ಲಿನ ಸಹಜ ವಿಕಿರಣ ಹೆಚ್ಚಿದೆ ಎಂದು 1993ರಲ್ಲೇ ವರದಿ ಮಾಡಿದ್ದರು. ಇಂಥದೇ ಮರಳಿರುವ ಕೇರಳದ ಕರುನಾಗಪಳ್ಳಿಯಲ್ಲಿ ಸುಮಾರು 70 ಸಾವಿರ ಜನರನ್ನು ಹತ್ತು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕ್ಯಾನ್ಸರ್ ಹೆಚ್ಚಾದದ್ದೂ ಕಾಣಲಿಲ್ಲ. ಇನ್ನು ಹಲ್ಕ್‌ಗೆ ಬಡಿದಂಥ ಭಾರೀ ಪ್ರಮಾಣ? ಮೈ ಹೀರಿದ ವಿಕಿರಣವನ್ನು ಅಳೆಯುವ ಮಾನ ಗ್ರೇ; ಮೈಗೆಲ್ಲ ಒಮ್ಮೆಲೇ ನಾಲ್ಕು ಗ್ರೇಯಷ್ಟು ತಗುಲಿದರೆ ಮೂಳೆಯ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದು ನಿಲ್ಲುತ್ತದೆ. ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಜನ ಕೆಲವೇ ವಾರಗಳಲ್ಲಿ ಸಾಯುತ್ತಾರೆ.

ಇದನ್ನೆಲ್ಲ ಕ್ಷಮಿಸಬಹುದು. ಹಲ್ಕ್ ಆಗಲು ಬಾಂಬು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ನನ್ನ ತಕರಾರು ಇರುವುದು ಪೆಟ್ಟಿನ ಬಗ್ಗೆ. ತಲೆಗೆ ಏಟು ಬಿದ್ದು ಗಂಟೆಗಟ್ಟಲೆ ಪ್ರಜ್ಞೆ ತಪ್ಪಿದವನು ಮುಂದಿನ ಪುಟದಲ್ಲಿ ಮೈ ಕೊಡವಿ ಎದ್ದು ನಿಲ್ಲುತ್ತಾನೆ. ಅರ್ಧ ಗಂಟೆಗಿಂತ ಹೆಚ್ಚು ಪ್ರಜ್ಞೆ ಇಲ್ಲದಿದ್ದರೆ ವೈದ್ಯರು ಅದನ್ನು ಮಿದುಳಿನ ಸಣ್ಣ ಪೆಟ್ಟು ಎನ್ನುವುದೇ ಇಲ್ಲ.

ಒಮ್ಮೆ ಮಾತ್ರ ಕಾಮಿಕ್ಸ್ ಲೆಕ್ಕ ತಪ್ಪಲಿಲ್ಲ. 1973ರ ಸ್ಪೈಡರ್‌ಮ್ಯಾನ್ ಸಂಚಿಕೆಯೊಂದರಲ್ಲಿ ಸೇತುವೆಯಿಂದ ಬೀಳುತ್ತಿದ್ದ ಗೆಳತಿ ಗ್ವೆನ್ ಸ್ಟೇಸಿಯನ್ನು ಅವನು ಬಲೆ ಎಸೆದು ಹಿಡಿಯುತ್ತಾನೆ. ಅವಳ ಕತ್ತಿನ ಪಕ್ಕ ‘ಸ್ನ್ಯಾಪ್’ ಎಂಬ ಪುಟ್ಟ ಅಕ್ಷರಗಳು. ಹಿಡಿದದ್ದರಿಂದಲೇ ಕತ್ತು ಮುರಿಯಿತು.

ಇದರ ಲೆಕ್ಕ ನಮ್ಮ ಅಡಿಕೆ ತೋಟದಲ್ಲೇ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿದವರು 15 ಮೀಟರ್ ಎತ್ತರದಿಂದ ಜಾರಿದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಬೀಳುವ ದೇಹ ಮೂರು ಮೀಟರ್ ಹಿಗ್ಗುವ ಬಲೆಯಲ್ಲಿ ನಿಂತರೆ ಗುರುತ್ವದ ಐದರಷ್ಟು ಸೆಳೆತ, ಅದನ್ನು ತಾಳಿಕೊಳ್ಳಬಹುದು. ಹತ್ತು ಸೆಂಟಿಮೀಟರಿನೊಳಗೆ ನಿಂತರೆ ಸೆಳೆತ 150ರಷ್ಟು. ಕೊಲ್ಲುವುದು ಬೀಳುವಿಕೆಯಲ್ಲ, ಗಕ್ಕನೆ ನಿಲ್ಲುವುದು. ಬದುಕಿ ಉಳಿದವರಲ್ಲಿ ಬೆನ್ನಿನ ಮೂಳೆ ಹೆಚ್ಚಾಗಿ ಮುರಿಯುವುದು ಎದೆಯ ಭಾಗ ಮುಗಿದು ಸೊಂಟ ಶುರುವಾಗುವಲ್ಲಿ. ಆ ಮೂಳೆಯ ಸುರಂಗದೊಳಗೆ ಬೆನ್ನುಹುರಿ ಸಾಗುತ್ತದೆ. ಅದಕ್ಕೆ ಏಟು ಬಿದ್ದರೆ ಕಾಲಿನ ಬಲದ ಜೊತೆ ಮೂತ್ರದ ಮೇಲಿನ ಹತೋಟಿಯೂ ಹೋಗಬಹುದು.

ಕಾಮಿಕ್ಸ್‌ನ ಅತಿ ಕೆಟ್ಟ ವೈದ್ಯಕೀಯ ತಪ್ಪು ಇಲ್ಲೇ ಇದೆ: ವೀರ ಬರುತ್ತಾನೆ, ಬಿದ್ದವನನ್ನು ಹೆಗಲಿಗೆ ಹಾಕಿಕೊಂಡು ಹಾರುತ್ತಾನೆ. ನಮ್ಮವರೂ ಅಷ್ಟೇ, ಕಕ್ಕಾಬಿಕ್ಕಿಯಾಗಿ ಕೈಕಾಲು ಹಿಡಿದೆತ್ತಿ ರಿಕ್ಷಾದಲ್ಲಿ ಕೂರಿಸುತ್ತಾರೆ. ಮೂಳೆ ಮುರಿದರೂ ಹುರಿ ಇನ್ನೂ ಉಳಿದಿರಬಹುದು. ಬೆನ್ನು ಬಾಗಿಸಿದಾಗ ಮುರಿದ ಚೂರು ಒಳಗೆ ಒತ್ತಿ ಅದನ್ನು ಹಾಳುಮಾಡಬಹುದು. ಉಸಿರಾಟ ಸರಿಯಿದ್ದು ಜಾಗದಲ್ಲಿ ಬೇರೆ ಅಪಾಯ ಇಲ್ಲದಿದ್ದರೆ ಬಿದ್ದವರನ್ನು ಅಲ್ಲೇ ಬಿಟ್ಟು, ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಎತ್ತದೆ ಗತಿಯಿಲ್ಲವಾದರೆ ನಾಲ್ಕು ಜನ ಸೇರಿ, ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು. ಮನೆಯಲ್ಲಿ ಹಲಗೆ ಇಲ್ಲದಿದ್ದರೆ ಒಂದು ಬಾಗಿಲು ಕಳಚಿಕೊಂಡರೂ ಆದೀತು.