ಮೊಲದ ಉಚ್ಚೆ ತಿಳಿಯಾದರೆ ಹುಷಾರು

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಮನೆಗಳಲ್ಲಿ ನೆಲಕ್ಕೆ ತಾಂಡೂರು ಇಲ್ಲವೇ ಶಹಾಬಾದಿ ಬಂಡೆ ಕಾಣಸಿಗುತ್ತದೆ. ಅಂಥ ಮನೆಯಲ್ಲಿ ಮೊಲ ಸಾಕಿದರೆ, ಉಚ್ಚೆ ಒಣಗಿದಲ್ಲೆಲ್ಲ ಸುಣ್ಣ ಚೆಲ್ಲಿದಂತೆ ಬಿಳಿ ಕಲೆ ಉಳಿಯುತ್ತದೆ. ಆ ಕಲೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಕೆಳಗಿನ ಸುಣ್ಣಕಲ್ಲೂ ಮುಖ್ಯವಾಗಿ ಅದೇ. ಹಾಗಾಗಿ ಲಿಂಬೆರಸ ಹಾಕಿದರೆ ಕಲೆ ನೊರೆಯೆದ್ದು ಕರಗುತ್ತದೆ, ಜೊತೆಗೆ ಬಂಡೆಯ ಹೊಳಪೂ ಹೋಗುತ್ತದೆ.

ಮೊಲದ ಮೈಯಿಂದ ಇಷ್ಟು ಸುಣ್ಣ ಏಕೆ ಬರುತ್ತದೆ? ನಮ್ಮ ಕರುಳು ಮೈಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಮಲದಲ್ಲಿ ಬಿಡುತ್ತದೆ. ಮೊಲದ ಕರುಳಿಗೆ ಆ ಬಿಗಿ ಲೆಕ್ಕವಿಲ್ಲ. ಮೇವಿನಲ್ಲಿ ಹೆಚ್ಚು ಸಿಕ್ಕರೆ ಹೆಚ್ಚು ಹೀರುತ್ತದೆ. ಮಿಕ್ಕಿದ್ದನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಅಲ್ಲಿ ಸೋಸಿದ ಕ್ಯಾಲ್ಸಿಯಂನಲ್ಲಿ ಹೆಚ್ಚಿನ ಸಸ್ತನಿಗಳು ಉಚ್ಚೆಯಲ್ಲಿ ಬಿಡುವುದು ಶೇ. 2ಕ್ಕೂ ಕಡಿಮೆ, ಮೊಲ ಬಿಡುವುದು ಶೇ. 45ರಿಂದ 60. ಅದರ ಉಚ್ಚೆ ಕ್ಷಾರೀಯ, ಪಿಎಚ್ 8ರಿಂದ 9. ಕ್ಷಾರದಲ್ಲಿ ಈ ಕ್ಯಾಲ್ಸಿಯಂ ಕರಗಿ ಉಳಿಯದೆ ಹರಳುಗಟ್ಟುತ್ತದೆ. ಹೀಗಾಗಿ ಆರೋಗ್ಯವಂತ ಮೊಲದ ಉಚ್ಚೆ ಮೋಡ ಕವಿದಂತೆ ಮಬ್ಬಾಗಿಯೇ ಇರುತ್ತದೆ.

ಬೆಳೆಯುವ ಮರಿಗಳಲ್ಲಿ, ಗಬ್ಬದ ಮತ್ತು ಹಾಲೂಡುವ ತಾಯಿಯಲ್ಲಿ ಉಚ್ಚೆ ತಿಳಿಯಾಗಿರುವುದು ಸಹಜ. ಅವುಗಳ ಕ್ಯಾಲ್ಸಿಯಂ ಎಲುಬಿಗೆ, ಹಾಲಿಗೆ ಸಲ್ಲುತ್ತದೆ. ಆದರೆ ವಯಸ್ಕ ಮೊಲದ ಉಚ್ಚೆ ಇದ್ದಕ್ಕಿದ್ದಂತೆ ತಿಳಿಯಾದರೆ ಮೊಲ ಮೇವು ಬಿಟ್ಟಿರಬಹುದು, ಅದರ ಮೂತ್ರಪಿಂಡ ಸೋತಿರಲೂಬಹುದು.

ಇನ್ನು ಕೆಂಪು. ಹಳದಿಯಿಂದ ಕಿತ್ತಳೆ, ಇಟ್ಟಿಗೆಗೆಂಪಿನವರೆಗೆ ಬಣ್ಣ ಬದಲಾಗುವುದು ಬಹಳ ಸಲ ಮೇವಿನ ಸಸ್ಯವರ್ಣಗಳಿಂದ. ಆಗ ಬಣ್ಣ ಇಡೀ ಉಚ್ಚೆಯಲ್ಲಿ ಒಂದೇ ಸಮ ಇರುತ್ತದೆ. ನಿಜವಾದ ರಕ್ತ ಎಳೆಯಾಗಿ, ಹೆಪ್ಪಾಗಿ, ಕೆಲವೊಮ್ಮೆ ಕೊನೆಯ ಹನಿಗಳಲ್ಲಿ ಮಾತ್ರ ಕಾಣಿಸುತ್ತದೆ. ಸಂಶಯವಿದ್ದರೆ ದವಾಖಾನೆಯಲ್ಲಿ ಉಚ್ಚೆಯಲ್ಲಿ ಅದ್ದುವ ಪರೀಕ್ಷಾ ಪಟ್ಟಿ ಕೆಲವೇ ನಿಮಿಷಗಳಲ್ಲಿ ರಕ್ತದ ಸುಳಿವು ಕೊಡುತ್ತದೆ. ಹೆಣ್ಣು ಮೊಲ ಮುಟ್ಟಾಗುವುದಿಲ್ಲ. ಅದರ ರಕ್ತವನ್ನು 'ತಿಂಗಳಿನದು' ಎಂದು ಬಿಡುವಂತಿಲ್ಲ. ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದ ಹೆಣ್ಣುಗಳ ಪೈಕಿ ಅರ್ಧಕ್ಕೂ ಹೆಚ್ಚಿನವಕ್ಕೆ ಗರ್ಭಕೋಶದ ಕ್ಯಾನ್ಸರ್ ಬರುತ್ತದೆ. ಎಳೆಯ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿದರೆ ಆ ಭಯವಿಲ್ಲ.

ಹರಳು ಮೂತ್ರಚೀಲದ ತಳದಲ್ಲಿ ಕೂತು ಪೇಸ್ಟಿನಂತೆ ಗಟ್ಟಿಯಾಗತೊಡಗಿದರೆ ಅದು ರೋಗ. ಕ್ಯಾಲ್ಸಿಯಂ ಎಕ್ಸ್‌ರೇಯಲ್ಲಿ ಎಲುಬಿನಷ್ಟೇ ಬೆಳ್ಳಗೆ ಕಾಣುವುದರಿಂದ ಈ ಕೆಸರನ್ನೂ ಕಲ್ಲನ್ನೂ ಗುರುತಿಸುವುದು ಸುಲಭ. ಈ ಸೀಮೆಯಲ್ಲಿ ಆ ರೋಗಕ್ಕೆ ಎರಡು ದಾರಿಗಳು ತೆರೆದೇ ಇವೆ. ಒಂದು ಬಿಸಿಲು: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇಲ್ಲಿ ನೀರು ಸಾಲದಿದ್ದರೆ ಉಚ್ಚೆ ದಪ್ಪಗಾಗುತ್ತದೆ. ಇನ್ನೊಂದು ಮೇವು: ಶೇಂಗಾ ಬೆಳೆಯುವ ಊರುಗಳಲ್ಲಿ ಸುಲಭಕ್ಕೆ ಸಿಗುವ ಶೇಂಗಾ ಹೊಟ್ಟು, ಹಾಗೆಯೇ ಕುದುರೆಮೆಂತೆ ದ್ವಿದಳ ಜಾತಿಯವು; ಹುಲ್ಲಿಗಿಂತ ಅವುಗಳಲ್ಲಿ ಕ್ಯಾಲ್ಸಿಯಂ ಹೆಚ್ಚು. ವಯಸ್ಕ ಮೊಲಕ್ಕೆ ಗರಿಕೆಯಂಥ ಒಣಹುಲ್ಲೇ ಮುಖ್ಯ ಆಹಾರವಾಗಲಿ, ಶೇಂಗಾ ಹೊಟ್ಟು ಅಪರೂಪಕ್ಕಿರಲಿ. ನಳಿಕೆಬಾಯಿಯ ಬಾಟಲಿಗಿಂತ ಅಗಲ ಬಟ್ಟಲಿನಿಂದ ಮೊಲ ಹೆಚ್ಚು ನೀರು ಕುಡಿಯುತ್ತದೆ. ಆದರೆ ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸಬೇಡಿ; ಬಾಳಿನುದ್ದಕ್ಕೂ ಬೆಳೆಯುವ ಹಲ್ಲಿಗೂ ಎಲುಬಿಗೂ ಅದು ಬೇಕೇ ಬೇಕು.

ಮೊಲ ಮುಕ್ಕರಿಯುತ್ತಾ ಕೂತಿದ್ದರೆ, ಹಲ್ಲು ಕಡಿಯುತ್ತಿದ್ದರೆ, ಹಿಂಗಾಲ ನಡುವಿನ ತುಪ್ಪಳ ಒದ್ದೆಯಾಗಿ ಚರ್ಮ ಕೆಂಪಾಗಿದ್ದರೆ ಪಶುವೈದ್ಯರಲ್ಲಿಗೆ ಹೋಗಿ. ಅರ್ಧ ದಿನದಿಂದ ಉಚ್ಚೆಯೇ ಇಲ್ಲವೆಂದರೆ ತಡಮಾಡಲೇಬೇಡಿ: ಗಂಡು ಮೊಲದ ಮೂತ್ರನಾಳ ಕಿರಿದು, ಅದರಲ್ಲಿ ಕಲ್ಲು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಹೋಗುವಾಗ ಒಣಗಿದ ಶೀಸೆಯಲ್ಲಿ ತಾಜಾ ಉಚ್ಚೆ ಹಿಡಿದೊಯ್ಯಿರಿ. ಆ ವಾರ ಯಾವ ಮೇವು ಹಾಕಿದ್ದಿರಿ, ಎಷ್ಟು ನೀರು ಕುಡಿಯಿತು ಎಂಬುದನ್ನೂ ಹೇಳಿ. ಒಂದೇ ಕೆಂಪಿಗೆ ಮೇವೂ ಕಾರಣವಾಗಬಹುದು, ಕ್ಯಾನ್ಸರೂ ಕಾರಣವಾಗಬಹುದು. ಯಾವುದೆಂದು ತೀರ್ಮಾನಿಸಲು ವೈದ್ಯರಿಗೆ ಈ ವಿವರಗಳೇ ಬೇಕು.