ಅಂಟುಹಾಳೆ: ಹಳೆಯ ಮನೆಗೆ ಹೊಸ ಹೊದಿಕೆ

ಶ್ರಾವಣದ ಪುರಾಣ ಪ್ರವಚನ, ಮಹಾನವಮಿ, ದೀಪಾವಳಿ, ಮನೆಯಲ್ಲೊಂದು ಲಗ್ನಕಾರ್ಯ, ಗುರುಗಳ ಪಾದಪೂಜೆ - ಇವುಗಳಲ್ಲಿ ಯಾವುದೊಂದು ಸಮೀಪಿಸಿದರೂ ನಮ್ಮ ಗೃಹಿಣಿಯರ ದೃಷ್ಟಿ ಮೊದಲು ಹರಿಯುವುದು ಗೋಡೆ, ಕಪಾಟು, ಅಡುಗೆಮನೆಯ ಕಟ್ಟೆಗಳ ಕಡೆಗೆ. ಹಿಂದೆ ಇದಕ್ಕೆ ಸಿದ್ಧವಾದ ಉತ್ತರವಿತ್ತು. ಸುಣ್ಣದ ಹರಳುಗಳನ್ನು ನೀರಿನಲ್ಲಿ ಅರಳಿಸಿ, ಸೋಸಿ, ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದರು. ನೆಲವನ್ನು ಸಗಣಿಯಿಂದ ಸಾರಿಸಿ ಅಂಚಿಗೆ ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದರು. ಕಪಾಟಿನ ಹಲಗೆಗಳಿಗೆ ಹಳೆಯ ದಿನಪತ್ರಿಕೆಯನ್ನು ಹಾಸಿದರೆ ಹಬ್ಬದ ಸಿದ್ಧತೆ ಅರ್ಧ ಮುಗಿದಂತೆಯೇ ಆಗುತ್ತಿತ್ತು.

ಇಂದಿನ ಮನೆಗಳ ಪರಿಸ್ಥಿತಿ ಬೇರೆ. ಪ್ಲೈವುಡ್ ಬಾಗಿಲುಗಳು, ಸನ್ಮೈಕಾ ಹೊದಿಸಿದ ಮೇಜುಗಳು, ಹೊಟ್ಟುಹಲಗೆಯ ಕಪಾಟುಗಳು ಹತ್ತು ಹನ್ನೆರಡು ವರ್ಷಗಳಲ್ಲಿ ಮಂಕಾಗುತ್ತವೆ. ಅವುಗಳಿಗೆ ಸುಣ್ಣ ಬಳಿಯಲಾಗದು, ಸಾರಣೆಯೂ ಸಲ್ಲದು. ಬಡಗಿಯನ್ನು ಕರೆಸಿದರೆ ಹಳೆಯದನ್ನೆಲ್ಲ ಕಿತ್ತು ಹೊಸದನ್ನು ಕೂಡಿಸುವ ಮಾತನ್ನಾಡುತ್ತಾನೆ. ಬೀಗರು ಬರುವ ಹೊತ್ತಿಗೆ ಮನೆ ಚೆಂದ ಕಾಣಬೇಕೆಂಬ ಆತುರದಲ್ಲಿ ಪತ್ತಿನ ಸಂಘದಿಂದ ಸಾಲ ತಂದು ಅಡುಗೆಮನೆಯನ್ನು ಹೊಸದಾಗಿಸಿದ ಕುಟುಂಬಗಳು ನಮ್ಮ ನಡುವೆ ಇಲ್ಲದಿಲ್ಲ. ಲಗ್ನದ ಸಾಲದ ಜೊತೆಗೆ ಈ ಸಾಲವೂ ಸೇರಿ ವರುಷಗಟ್ಟಲೆ ಕಂತು ಕಟ್ಟುವ ಗೃಹಸ್ಥನ ಪಾಡು ಯಾರಿಗೂ ಬೇಡ. ಇಂತಹ ಸಂದರ್ಭದಲ್ಲಿ ಹಿಂಬದಿಯ ಕಾಗದವನ್ನು ಸುಲಿದು ಅಂಟಿಸಬಹುದಾದ ಹಾಳೆ ಒಂದು ಒಳ್ಳೆಯ ಉಪಾಯವೇ ಸರಿ. ಆದರೆ ಅದನ್ನು ಎಲ್ಲಿ ಅಂಟಿಸಬೇಕು, ಎಲ್ಲಿ ಅಂಟಿಸಬಾರದು ಎಂಬುದನ್ನು ಅರಿಯದೆ ಕೊಂಡು ತಂದರೆ ಉಳಿತಾಯಕ್ಕೆ ಬದಲಾಗಿ ಹಾನಿಯೇ ಹೆಚ್ಚು. ಈ ಹಾಳೆ ಮುಚ್ಚುತ್ತದೆಯೇ ಹೊರತು ದುರಸ್ತಿ ಮಾಡುವುದಿಲ್ಲ.

ಅಂಗಡಿಯವರು ಇದನ್ನು ಸ್ಟಿಕ್ಕರ್ ಶೀಟ್ ಎಂದೂ, ವಾಲ್‌ಪೇಪರ್ ಎಂದೂ, ಕಾಂಟ್ಯಾಕ್ಟ್ ಪೇಪರ್ ಎಂದೂ ಕರೆಯುವರು. ಹೆಸರಿನಲ್ಲಿ ಪೇಪರ್ ಎಂದಿದ್ದರೂ ಬಹುಪಾಲು ಹಾಳೆಗಳು ಕಾಗದವಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ತೆಳುವಾದ ಪೊರೆ. ಅದರ ಬೆನ್ನಿಗೆ, ನೀರು ತಾಗಿಸದೆಯೇ ಬರಿಯ ಒತ್ತಡದಿಂದ ಹಿಡಿಯುವ ಅಂಟು. ಆ ಅಂಟನ್ನು ಕಾಯಲು ಸಿಲಿಕೋನ್ ಲೇಪಿಸಿದ ಕಾಗದ. ಅಮೇರಿಕೆಯಲ್ಲಿ 1925ರಲ್ಲಿ ರಿಚರ್ಡ್ ಡ್ರೂ ಎಂಬವರು ಕಾರುಗಳಿಗೆ ಬಣ್ಣ ಹಚ್ಚುವವರಿಗಾಗಿ ಅಂಟುಪಟ್ಟಿಯನ್ನು ಕಂಡುಹಿಡಿದರು. 1935ರಲ್ಲಿ ಸ್ಟಾಂಟನ್ ಏವರಿ ಎಂಬವರು ಸುಲಿದು ಅಂಟಿಸುವ ಚೀಟಿಗಳನ್ನು ತಯಾರಿಸಿದರು. ಅದೇ ತತ್ವ ಹಿರಿದಾಗಿ 1950ರ ದಶಕದಲ್ಲಿ ಅಲ್ಲಿಯ ಅಡುಗೆಮನೆಗಳ ಕಪಾಟಿನೊಳಗೆ ಹಾಸುವ ಹಾಳೆಯಾಯಿತು. ನಾವು ದಿನಪತ್ರಿಕೆಯಿಂದ ಮಾಡುತ್ತಿದ್ದ ಕೆಲಸವೇ ಅದು!

ಎಲ್ಲಿ ಸಲ್ಲುತ್ತದೆ

ಗಟ್ಟಿಯಾದ, ನುಣುಪಾದ, ಒಣಗಿದ ಮೈ ಇರುವಲ್ಲೆಲ್ಲ ಈ ಹಾಳೆ ಸೊಗಸಾಗಿ ಕೂಡುತ್ತದೆ. ಕಪಾಟಿನ ಹಲಗೆಗಳು, ಸನ್ಮೈಕಾ ಬಾಗಿಲುಗಳು, ಮಕ್ಕಳು ಓದುವ ಮೇಜು, ಬಣ್ಣ ಮಾಸಿದ ಉಕ್ಕಿನ ಟ್ರಂಕು, ಕಡಪಾ ಕಲ್ಲಿನ ನುಣುಪಾದ ಹಲಗೆಗಳು, ಶೈತ್ಯಪೆಟ್ಟಿಗೆಯ ಬಾಗಿಲು, ಸ್ನಾನಗೃಹದ ಕಿಟಕಿಯ ಗಾಜು - ಇವೆಲ್ಲ ಅದಕ್ಕೆ ಒಪ್ಪುವ ಸ್ಥಳಗಳು. ಹೊಟ್ಟುಹಲಗೆಯ ಅಂಚು ನೀರು ಕುಡಿದು ಉಬ್ಬಿದ್ದರೆ ಮಾತ್ರ ಹಾಳೆ ನಿಲ್ಲದು. ಆ ಹಲಗೆಯನ್ನೇ ಬದಲಿಸಬೇಕು. ಅಜ್ಜ ಮುತ್ತಜ್ಜಂದಿರು ಮಾಡಿಸಿದ ಸಾಗವಾನಿ ಬಾಗಿಲು ಚೌಕಟ್ಟುಗಳ ಮೇಲೆ ಮರದ ಚಿತ್ರವಿರುವ ಹಾಳೆ ಅಂಟಿಸುವವರನ್ನು ಕಂಡಾಗ ಖೇದವಾಗುತ್ತದೆ. ನಿಜವಾದ ಮರಕ್ಕೆ ಮರದ ವೇಷವೇಕೆ? ಅದಕ್ಕೆ ಬೇಕಾದುದು ಒಂದಿಷ್ಟು ಅಗಸೆ ಎಣ್ಣೆ, ಹಳೆಯ ಅರಿವೆ. ಕೆಂಪು ಗಾರೆಯ ನೆಲ, ಶಹಾಬಾದ ಕಲ್ಲಿನ ನೆಲಗಳ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ.

ಕೊಳ್ಳುವ ಮೊದಲು ಅಳತೆ ಮಾಡುವುದು ಅಗತ್ಯ. ಹಾಳೆಗಳು ಸಾಮಾನ್ಯವಾಗಿ 45 ಅಥವಾ 60 ಸೆಂಟಿಮೀಟರ್ ಅಗಲದ ಸುರುಳಿಗಳಲ್ಲಿ ದೊರೆಯುತ್ತವೆ. ನಿಮ್ಮ ಕಪಾಟಿನಲ್ಲಿ 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ನಾಲ್ಕು ಹಲಗೆಗಳಿವೆ ಎನ್ನೋಣ. 60 ಸೆಂ.ಮೀ. ಅಗಲದ ಎರಡು ಮೀಟರ್ ಸುರುಳಿಯನ್ನು ನಡುವೆ ಸೀಳಿದರೆ ಒಂದರಲ್ಲಿಯೇ ನಾಲ್ಕೂ ಹಲಗೆಗಳು ಮುಗಿಯುತ್ತವೆ. 45 ಸೆಂ.ಮೀ. ಸುರುಳಿಯಾದರೆ ಎರಡು ಬೇಕು. ಆದರೆ ಹಲಗೆಯ ಮುಂದಿನ ಅಂಚನ್ನು ಸುತ್ತಿ ಕೆಳಕ್ಕೆ ಮಡಚಲು ಸಾಕಷ್ಟು ಹಾಳೆ ಉಳಿಯುತ್ತದೆ. ಅಂಚನ್ನು ಮಡಚಿದ ಹಲಗೆ ಹೆಚ್ಚು ಕಾಲ ಬಾಳುತ್ತದೆ. ಡಬ್ಬಿಗಳನ್ನು ಎಳೆದಿಡುವಾಗ ಮೊದಲು ಏಳುವುದು ಮುಂದಿನ ತುದಿಯೇ ತಾನೆ? ನಾನಾದರೆ ಎರಡು ಸುರುಳಿಗಳನ್ನೇ ಕೊಳ್ಳುವೆನು.

ಗೋಡೆಯ ವಿಚಾರ

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ. ಗೋಡೆಯ ಕೆಳಭಾಗದಲ್ಲಿ ತೇವದ ಕಲೆ ಕಾಣಿಸಿತೆಂದರೆ, ಗಿಲಾಯಿ ಉದುರತೊಡಗಿತೆಂದರೆ, ಅದರ ಮೇಲೊಂದು ಹೂವಿನ ಹಾಳೆ ಅಂಟಿಸಿ ಮುಚ್ಚಿಬಿಡುವುದು ಈಗ ರೂಢಿಯಾಗುತ್ತಿದೆ. ಧಾರವಾಡ, ಗದಗ, ವಿಜಯಪುರ ಕಡೆಯ ಹಳೆಯ ಮನೆಗಳ ಗೋಡೆಗಳು ಕಲ್ಲು ಮತ್ತು ಮಣ್ಣಿನವು. ಅವುಗಳ ಮೇಲಿನ ಲೇಪ ಮಣ್ಣಿನದು ಅಥವಾ ಸುಣ್ಣದ್ದು. ಇಂತಹ ಗೋಡೆ ನೆಲದಿಂದ ಸ್ವಲ್ಪ ತೇವವನ್ನು ಸದಾ ಹೀರುತ್ತಲೇ ಇರುತ್ತದೆ, ಹೀರಿದ್ದನ್ನು ಗಾಳಿಗೆ ಬಿಟ್ಟುಕೊಡುತ್ತಲೂ ಇರುತ್ತದೆ. ಈ ಕೊಡುಕೊಳ್ಳುವಿಕೆ ನಡೆಯುತ್ತಿರುವುದರಿಂದಲೇ ಆ ಗೋಡೆಗಳು ತಲೆಮಾರುಗಳ ಕಾಲ ನಿಂತಿವೆ. ಅದರ ಮೇಲೆ ಪ್ಲಾಸ್ಟಿಕ್ಕಿನ ಪೊರೆ ಬಿದ್ದರೆ ತೇವಕ್ಕೆ ಹೊರಬರುವ ದಾರಿ ತಪ್ಪುತ್ತದೆ. ಅದು ಹಾಳೆಯ ಹಿಂದೆಯೇ ನಿಂತು ಇನ್ನಷ್ಟು ಮೇಲಕ್ಕೆ ಏರುತ್ತದೆ. ತೇವದೊಡನೆ ಬಂದ ಉಪ್ಪು ಅಲ್ಲಿಯೇ ಹರಳುಗಟ್ಟಿ ಗಿಲಾಯಿಯನ್ನು ಒಳಗಿನಿಂದ ಪುಡಿಮಾಡುತ್ತದೆ. ಕೆಲವು ತಿಂಗಳುಗಳ ನಂತರ ಹಾಳೆಯನ್ನು ಕಿತ್ತರೆ ಅದರ ಜೊತೆ ಗೋಡೆಯ ಸಿಪ್ಪೆಯೂ ಕಿತ್ತು ಬರುತ್ತದೆ. ಹಿಂದೆ ಕಪ್ಪು ಬೂಷ್ಟು ಹಬ್ಬಿರುತ್ತದೆ. ದಮ್ಮು ಇರುವ ವೃದ್ಧರು, ಕೆಮ್ಮುವ ಮಕ್ಕಳು ಅದೇ ಕೋಣೆಯಲ್ಲಿ ಮಲಗುವವರಾದರೆ ಈ ಬೂಷ್ಟು ಅವರ ಉಸಿರಿಗೇ ಕುತ್ತಾಗುತ್ತದೆ.

ಗೋಡೆ ತೇವವಾಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಒಂದು ಮೊಳದಷ್ಟು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒರಗಿಸಿ ನಾಲ್ಕೂ ಅಂಚುಗಳಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿಗಳು ಕಂಡರೆ ತೇವ ಗೋಡೆಯೊಳಗಿನದು; ಅಲ್ಲಿ ಅಂಟುಹಾಳೆಯ ಮಾತೇ ಬೇಡ. ಮಳೆನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಅದನ್ನು ತಿರುಗಿಸಬೇಕು, ಮಾಳಿಗೆಯ ಸೋರಿಕೆ ನಿಲ್ಲಿಸಬೇಕು, ಬಚ್ಚಲಿನ ನಳ ಒಡೆದಿದ್ದರೆ ಸರಿಪಡಿಸಬೇಕು. ಗೋಡೆ ಒಣಗಿದ ಮೇಲೆ ಸುಣ್ಣವನ್ನೇ ಬಳಿಯುವುದು ಲೇಸು. ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಎರಡು ಮೂರು ಸಲ ಬಳಿದರೆ, ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ರಮೇಣ ಮತ್ತೆ ಕಲ್ಲಿನ ಗುಣ ಪಡೆಯುತ್ತದೆ. ಅದರ ಕ್ಷಾರಗುಣದಿಂದಾಗಿ ಬೂಷ್ಟು ಬೇಗನೆ ಬೆಳೆಯದು; ಗೋಡೆಯ ಉಸಿರೂ ಕಟ್ಟದು. ಇಷ್ಟಾಗಿ ಅದರ ಖರ್ಚು ಹಾಳೆಯ ಖರ್ಚಿಗಿಂತ ಕಡಿಮೆ. ಸುಣ್ಣ ಅರಳಿಸುವಾಗ ಮಾತ್ರ ಮಕ್ಕಳನ್ನು ದೂರವಿಡಬೇಕು. ಸಿಡಿದ ಹನಿ ಕಣ್ಣಿಗೆ ಅಪಾಯಕಾರಿ.

ಸಿಮೆಂಟಿನ ಗಿಲಾಯಿ ಮಾಡಿ ಒಳ್ಳೆಯ ಬಣ್ಣ ಹಚ್ಚಿದ, ಒಣಗಿದ ಗೋಡೆಗೆ ಹಾಳೆ ಅಂಟಿಸಬಹುದು. ಅಂಗೈಯಿಂದ ಗೋಡೆಯನ್ನು ಒರೆಸಿ ನೋಡಿ. ಬಿಳಿಯ ಪುಡಿ ಕೈಗೆ ಹತ್ತಿದರೆ ಅದು ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್. ಹಾಳೆ ಪುಡಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ. ಹೊಸದಾಗಿ ಬಣ್ಣ ಹಚ್ಚಿದ್ದರೆ ಮೂರು ನಾಲ್ಕು ವಾರ ತಾಳುವುದು ಮೇಲು. ಶ್ರಾವಣಕ್ಕೆಂದು ಅವಸರ ಮಾಡುವವರಿಗೂ ಒಂದು ಮಾತು: ಆ ಮಾಸ ಬರುವುದು ಮಳೆಗಾಲದ ನಡುವೆ. ಬೆಳಗಾವಿ, ಧಾರವಾಡ, ಮಲೆನಾಡಿನ ಕಡೆ ಆಗ ಗೋಡೆಗಳು ಹಸಿಯಾಗಿಯೇ ಇರುತ್ತವೆ. ಬಸವ ಜಯಂತಿಯ ಆಸುಪಾಸಿನ ಬೇಸಿಗೆಯ ದಿನಗಳು ಈ ಕೆಲಸಕ್ಕೆ ಪ್ರಶಸ್ತ; ಇಲ್ಲವಾದರೆ ಮಳೆ ನಿಂತ ಮೇಲೆ, ದೀಪಾವಳಿಯ ಮುಂಚೆ.

ಪೂಜೆಯ ಕೋಣೆ, ಅಡುಗೆಯ ಮನೆ

ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವ ನಮಗೆ ಶುಚಿಯಾದ ಒಂದು ಆಸನದ ಸ್ಥಳವಿದ್ದರೆ ಸಾಕು. ಆದರೂ ಪೂಜೆಯ ಕೋಣೆಯ ಗೋಡೆಗೆ ಅಮೃತಶಿಲೆಯ ಚಿತ್ರದ ಹಾಳೆ ಅಂಟಿಸುವ ಆಸೆ ಹಲವರಿಗೆ. ಅಂಟಿಸುವುದಾದರೆ ಎಚ್ಚರಿಕೆ ಅಗತ್ಯ. ನಿತ್ಯ ದೀಪ ಉರಿಯುವ ಸ್ಥಳದ ಹಿಂದೆ, ಊದುಬತ್ತಿ ಸಿಕ್ಕಿಸುವ ಗೂಡಿನೊಳಗೆ ಈ ಹಾಳೆ ಕೂಡದು. ಪಿವಿಸಿ ಕುದಿಯುವ ನೀರಿಗಿಂತ ಕಡಿಮೆ ಶಾಖದಲ್ಲಿಯೇ ಮೆದುವಾಗುತ್ತದೆ. ಉರಿ ತಾಗಿದರೆ ಉಸಿರುಕಟ್ಟಿಸುವ ಹೊಗೆ ಬಿಡುತ್ತದೆ. ಅಲ್ಲಿ ಒಂದು ಹಿತ್ತಾಳೆಯ ತಗಡನ್ನೋ ಟೈಲ್ಸನ್ನೋ ಇಡುವುದು ಯೋಗ್ಯ. ಉಳಿದ ಗೋಡೆಗೆ ಅಂಟಿಸುವ ಮುನ್ನ ಎಣ್ಣೆಯ ಜಿಡ್ಡು, ದೀಪದ ಮಸಿ, ವಿಭೂತಿಯ ನುಣ್ಣನೆಯ ಧೂಳು ಇವುಗಳನ್ನು ತೊಳೆಯುವ ಸೋಡಾ ಬೆರೆಸಿದ ಬಿಸಿನೀರಿನಿಂದ ಒರೆಸಿ, ಮತ್ತೆ ಬರಿನೀರಿನಿಂದ ಒರೆಸಿ, ಒಂದು ರಾತ್ರಿ ಒಣಗಲು ಬಿಡಬೇಕು. ವಿಭೂತಿಯ ಧೂಳು ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಅಂಟನ್ನು ಕೆಡಿಸುತ್ತದೆ.

ಅಡುಗೆಮನೆಯಲ್ಲಿಯೂ ಒಲೆಯ ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಹಾಳೆ ಬೇಡ. ಅದಕ್ಕೆಂದೇ ಬೆಳ್ಳಿಯ ಬಣ್ಣದ ಅಲ್ಯೂಮಿನಿಯಂ ಹಾಳೆಗಳು ಬಂದಿವೆ. ಎಣ್ಣೆ ಸಿಡಿದರೂ ಒರೆಸಲು ಅನುಕೂಲ. ಆದರೆ ಅಲ್ಯೂಮಿನಿಯಂ ವಿದ್ಯುತ್ತನ್ನು ಹರಿಯಗೊಡುವ ಲೋಹ. ಮಿಕ್ಸರ್ ಜೋಡಿಸುವ ಸ್ವಿಚ್ಚಿನ ಪೆಟ್ಟಿಗೆಯ ಸುತ್ತ ಈ ಹಾಳೆಯನ್ನು ಅಂಚಿನವರೆಗೆ ತಂದು ಒಳಕ್ಕೆ ತುರುಕುವುದು ಪ್ರಾಣಕ್ಕೆ ಅಪಾಯ. ಸುತ್ತಲೂ ನಾಲ್ಕು ಬೆರಳಿನಷ್ಟು ಗೋಡೆಯನ್ನು ಬರಿದಾಗಿಯೇ ಬಿಡಬೇಕು. ಕೆಲಸ ಮಾಡುವಾಗ ಮೇನ್ ಸ್ವಿಚ್ ಆರಿಸಿರಬೇಕು. ರೊಟ್ಟಿ ಬಡಿಯುವ, ಕಾಯಿಪಲ್ಲೆ ಹೆಚ್ಚುವ ಕಟ್ಟೆಯ ಮೇಲೂ ಹಾಳೆ ಬೇಡ. ಚಾಕುವಿನ ಗೀರಿನಲ್ಲಿ ಹಿಟ್ಟು ಸೇರಿ ಜಿರಲೆಗಳಿಗೆ ಔತಣವಾಗುತ್ತದೆ.

ಅಂಟಿಸುವ ವಿಧಾನ

ಇಬ್ಬರಿದ್ದರೆ ಕೆಲಸ ಹಗುರ. ಮೈಯಲ್ಲಿ ಏರುಪೇರುಗಳಿದ್ದರೆ ಮರಳುಕಾಗದದಿಂದ ತಿಕ್ಕಿ, ಕುಳಿಗಳಿಗೆ ಲಪ್ಪ ತುಂಬಿ ಒಣಗಿಸಿಕೊಳ್ಳಬೇಕು. ಹಾಳೆಯ ಕೆಳಗೆ ಒಂದು ಅಕ್ಕಿಕಾಳಿದ್ದರೂ ಮೇಲೆ ಕಾಣುತ್ತದೆ. ಹಿಂಬದಿಯ ಕಾಗದದ ಮೇಲೆ ಅಳತೆಯ ಗೆರೆಗಳಿರುತ್ತವೆ. ಅವುಗಳ ಗುಂಟ ಎರಡು ಮೂರು ಸೆಂ.ಮೀ. ಹೆಚ್ಚಾಗಿ ಕತ್ತರಿಸಿ. ಕಾಗದವನ್ನು ಒಮ್ಮೆಲೇ ಪೂರ್ತಿ ಸುಲಿದರೆ ಹಾಳೆ ತನಗೆ ತಾನೇ ಅಂಟಿಕೊಂಡು ಕೆಡುವುದು. ಗೇಣಿನಷ್ಟು ಸುಲಿದು, ತುದಿಯನ್ನು ನೇರವಾಗಿ ಕೂಡಿಸಿ, ಒಬ್ಬರು ಕಾಗದವನ್ನು ಎಳೆಯುತ್ತ ಹೋದಂತೆ ಇನ್ನೊಬ್ಬರು ಒಣ ಅರಿವೆಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಬರಬೇಕು. ಗಾಳಿಯ ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಿದರೆ ಸಾಕು. ಗಾಜು ಮತ್ತು ಸನ್ಮೈಕಾದ ಮೇಲಾದರೆ ಪಾತ್ರೆ ತೊಳೆಯುವ ಸಾಬೂನಿನ ಎರಡು ಹನಿ ಬೆರೆಸಿದ ನೀರನ್ನು ಚಿಮುಕಿಸಿ ಅಂಟಿಸುವುದು ಒಳಿತು. ಸೊಟ್ಟಗಾದರೆ ಸರಿಸಿಕೊಳ್ಳಲು ಸಮಯ ಸಿಗುತ್ತದೆ. ಕಟ್ಟಿಗೆಗೆ ಈ ಒದ್ದೆಯ ವಿಧಾನ ಸಲ್ಲದು. ಅಂಟಿಸಿದ ಒಂದು ದಿನದವರೆಗೆ ಅದನ್ನು ಒದ್ದೆಯ ಬಟ್ಟೆಯಿಂದ ಒರೆಸಬಾರದು.

ಬೆಂಗಳೂರಿನಂತಹ ನಗರಗಳಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮ ಯುವ ದಂಪತಿಗಳು ಈ ಹಾಳೆಯನ್ನು ಹೆಚ್ಚು ಬಳಸುತ್ತಾರೆ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ವಾಡಿಕೆ ಅಲ್ಲಿದೆ. ಹಾಳೆಯೊಂದಿಗೆ ಗೋಡೆಯ ಬಣ್ಣವೂ ಕಿತ್ತುಬಂದರೆ ಮಾಲೀಕರು ಅದಕ್ಕಿಂತ ಹೆಚ್ಚು ಕೇಳಬಹುದು. ಆದುದರಿಂದ ಕಾಣದ ಮೂಲೆಯಲ್ಲಿ ಅಂಗೈಯಗಲದ ತುಂಡನ್ನು ಅಂಟಿಸಿ, ವಾರದ ಬಳಿಕ ಕಿತ್ತು ನೋಡಿ ಮುಂದುವರಿಯುವುದು ಜಾಣತನ. ಮಾಲೀಕರ ಒಪ್ಪಿಗೆಯನ್ನು ಮೊದಲೇ ಕೇಳಿದರೆ ಮನಸ್ತಾಪಕ್ಕೆ ಎಡೆಯಿರದು.

ಕೀಳುವಾಗ ಕೂದಲು ಒಣಗಿಸುವ ಯಂತ್ರದಿಂದ, ಇಲ್ಲವೇ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಾಳೆಯನ್ನು ಬೆಚ್ಚಗಾಗಿಸಿ, ಮೂಲೆಯಿಂದ ನಿಧಾನವಾಗಿ, ಮೈಗೆ ಒತ್ತಿದಂತೆ ಹಿಂದಕ್ಕೆ ಮಡಚುತ್ತ ಎಳೆಯಬೇಕು. ಕಪಾಟಿನ ಹಲಗೆಯ ಮೇಲೆ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ತಾಸು ಬಿಟ್ಟು ಸಾಬೂನಿನಿಂದ ತೊಳೆದರೆ ಹೋಗುತ್ತದೆ. ಕಿತ್ತ ಹಾಳೆಯನ್ನು ಬಚ್ಚಲಿನ ಹಂಡೆಯ ಒಲೆಗೆ ಹಾಕುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ತೀಕ್ಷ್ಣ ಅನಿಲ ಹೊರಡುತ್ತದೆ. ಅದು ಕಣ್ಣು, ಗಂಟಲುಗಳನ್ನು ಉರಿಸುತ್ತದೆ. ಅದನ್ನು ಒಣ ಕಸದೊಡನೆ ಕೊಟ್ಟುಬಿಡಿ. ಅಂಟಿಸಿ ಉಳಿದ ಹೊಸ ತುಂಡುಗಳು ಮಸಾಲೆ ಡಬ್ಬಿಗಳಿಗೆ ಹೆಸರಿನ ಚೀಟಿಯಾಗಿಯೋ ಮಕ್ಕಳ ಪುಸ್ತಕದ ರಟ್ಟಿನ ಮೂಲೆಗಳಿಗೋ ಬರುತ್ತವೆ.