ತೆಳ್ಳಗಾಗುವುದು ಬೇರೆ, ಬಡಕಲಾಗುವುದು ಬೇರೆ

ಖರ್ಚು ಕಡಿಮೆಯಾಗಬೇಕೆಂಬ ಮಾತು ಯಜಮಾನರ ಬಾಯಿಂದ ಹೊರಟೊಡನೆ ಕೆಲಸಗಾರನ ಎದೆ ಅಳುಕುವುದು ಸಹಜವೇ ಸರಿ. ಇಬ್ಬರನ್ನು ಕಳುಹಿಸಿ, ಅವರ ಹೊರೆಯನ್ನು ಉಳಿದವರ ತಲೆಯ ಮೇಲೆ ಹೇರುವುದೇ ಮಿತವ್ಯಯವೆಂದು ಬಗೆದವರು ಎಲ್ಲ ಕಾಲದಲ್ಲಿಯೂ ಉಂಟು. ಆದರೆ ಪೋಲು ತಡೆಯುವುದನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದ ಜಪಾನಿನ ಟೊಯೋಟಾ ಕಾರ್ಖಾನೆಯ ಚರಿತ್ರೆಯನ್ನು ನೋಡಿದರೆ, ಪೋಲೆಂಬುದು ಮನುಷ್ಯನಲ್ಲಿಲ್ಲ, ಕೆಲಸದ ಏರ್ಪಾಡಿನಲ್ಲಿದೆ ಎಂಬುದು ಮನವರಿಕೆಯಾಗುತ್ತದೆ.

ಈ ವಿದ್ಯೆಯ ಬೇರು ಮೋಟಾರಿನಲ್ಲಿಲ್ಲ, ಮಗ್ಗದಲ್ಲಿದೆ. ಸಾಕಿಚಿ ಟೊಯೋಡಾ ಅವರು ೧೯೨೪ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗವು ನೂಲು ಕಡಿದೊಡನೆ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ಗಜಗಟ್ಟಲೆ ನೇಯ್ದ ಬಳಿಕ ಪರಿತಪಿಸುವ ಪ್ರಮೇಯವೇ ತಪ್ಪಿತು. ಅವರ ಪುತ್ರ ಕೀಚಿರೊ ೧೯೩೭ರಲ್ಲಿ ಮೋಟಾರು ಕಂಪೆನಿಯನ್ನು ಸ್ಥಾಪಿಸಿದರು. ಮಹಾಯುದ್ಧದ ತರುವಾಯ ಕಂಪೆನಿಗೆ ದುರ್ದಿನಗಳು ಬಂದವು. ೧೯೫೦ರಲ್ಲಿ ಮುಷ್ಕರವಾಯಿತು; ಸಾವಿರಕ್ಕೂ ಮಿಕ್ಕಿ ಜನ ಕೆಲಸ ಬಿಡಬೇಕಾಯಿತು; ಕೀಚಿರೊ ಅವರೂ ಹೊಣೆಹೊತ್ತು ಅಧ್ಯಕ್ಷಪದವಿಯನ್ನು ತ್ಯಜಿಸಿದರು. ಮಾರಾಟವಾಗದ ಸರಕು ಹಣವನ್ನು ನುಂಗುತ್ತದೆಂಬ ಪಾಠವನ್ನು ಆ ಕಂಪೆನಿ ಕಲಿತದ್ದು ಹೀಗೆ.

ಆ ಪಾಠಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖರು ತೈಯಿಚಿ ಓನೊ ಎಂಬ ಎಂಜಿನಿಯರರು. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಗಿರಾಕಿಯು ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುವನು. ಖಾಲಿಯಾದಷ್ಟನ್ನೇ ಅಂಗಡಿಯವನು ತುಂಬುವನು. ಕಾರ್ಖಾನೆಯಲ್ಲಿಯೂ ಮುಂದಿನ ವಿಭಾಗವೇ ಗಿರಾಕಿ ಎಂದು ಓನೊ ತಿಳಿದರು. ಮುಂದಿನವನು ಕೇಳಿದಾಗ, ಕೇಳಿದಷ್ಟನ್ನೇ ಹಿಂದಿನವನು ತಯಾರಿಸಬೇಕು. ಆ ಬೇಡಿಕೆಯನ್ನು ತಿಳಿಸುವ ಚೀಟಿಯೇ ಸುಪ್ರಸಿದ್ಧವಾದ 'ಕಾನ್‌ಬಾನ್'.

ಓನೊ ಅವರು ಏಳು ಬಗೆಯ ಪೋಲನ್ನು ಎಣಿಸಿದರು: ಬೇಡಿಕೆಗೆ ಮೀರಿದ ತಯಾರಿ, ಕಾಯುವಿಕೆ, ವೃಥಾ ಸಾಗಾಟ, ಅನಗತ್ಯ ಸಂಸ್ಕಾರ, ಅತಿ ದಾಸ್ತಾನು, ವೃಥಾ ಓಡಾಟ, ದೋಷಯುಕ್ತ ಸರಕು. ಇವುಗಳಲ್ಲಿ ಮೊದಲನೆಯದೇ ಉಳಿದವುಗಳ ತಾಯಿಯೆಂಬುದು ಅವರ ಮತ. ನಮ್ಮ ಹೋಟೆಲುಗಳ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿಗೆ ಉಳಿದು ಹಳಸುವ ಚಟ್ನಿ ಮೊದಲನೆಯ ಬಗೆ. ಒಲೆಯ ಬಳಿ ದೋಸೆಗಾಗಿ ಕಾದು ನಿಂತ ಮಾಣಿ ಎರಡನೆಯದು. ಲೋಟ ಒಂದು ಮೂಲೆಯಲ್ಲಿ, ಕಾಫಿ ಇನ್ನೊಂದು ಮೂಲೆಯಲ್ಲಿ ಇರುವುದರಿಂದ ದಿನವಿಡೀ ಸವೆಯುವ ಕಾಲುಗಳು ಆರನೆಯದು. ಒಂದೇ ಅಂಕಿಯನ್ನು ಮೂರು ಪುಸ್ತಕಗಳಲ್ಲಿ ಬರೆಯುವ ಗುಮಾಸ್ತರೂ ತಮ್ಮ ಪಾಲಿನ ಪೋಲನ್ನು ಬಲ್ಲರು.

ಆ ಕಾರ್ಖಾನೆಯ ಇನ್ನೊಂದು ಪದ್ಧತಿ ವಿಶೇಷ ಗಮನಾರ್ಹ. ದೋಷ ಕಂಡ ಸಾಮಾನ್ಯ ಕೆಲಸಗಾರನು ಹಗ್ಗವೊಂದನ್ನು ಎಳೆದು ಮೇಲಿನವರನ್ನು ಕರೆಯಬಹುದು. ದೋಷ ನೀಗದಿದ್ದರೆ ಸಾಲಿಗೆ ಸಾಲೇ ನಿಲ್ಲುವುದು. ತಪ್ಪು ಯಾರದೆಂದು ಗದರುವುದಲ್ಲ, 'ಏಕೆ' ಎಂದು ಐದು ಸಲ ಕೇಳಿ ಮೂಲಕಾರಣವನ್ನು ಹುಡುಕುವುದು ಅಲ್ಲಿಯ ಕ್ರಮ.

೧೯೮೮ರಲ್ಲಿ ಜಾನ್ ಕ್ರಾಫ್ಚಿಕ್ ಎಂಬ ಅಮೆರಿಕನ್ನರು ಈ ಪದ್ಧತಿಯನ್ನು 'ಲೀನ್', ಅಂದರೆ ಬೊಜ್ಜಿಲ್ಲದ್ದು, ಎಂದು ಕರೆದರು. ಬೊಜ್ಜು ಕರಗಿಸುವ ನೆಪದಲ್ಲಿ ರಕ್ತವನ್ನೇ ಹೀರಬಾರದಷ್ಟೆ! ಜಪಾನೀಯರು ಪೋಲನ್ನು 'ಮುದಾ' ಎಂದರೆ, ಮನುಷ್ಯನ ಮೇಲೂ ಯಂತ್ರದ ಮೇಲೂ ಬೀಳುವ ಅತಿಭಾರವನ್ನು 'ಮುರಿ' ಎಂದು ಕರೆದು, ಅದನ್ನೂ ನಿವಾರಿಸಬೇಕಾದ ದೋಷವೆಂದೇ ಗಣಿಸಿದ್ದಾರೆ. ಆದರೆ ಸೂತ್ರ ಬೇರೆ, ಆಚರಣೆ ಬೇರೆ. ಇದೇ ಕಂಪೆನಿಯು ಕಿರ್ಲೋಸ್ಕರರೊಡನೆ ಕೂಡಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ನಡೆಸುವ ಕಾರ್ಖಾನೆಯಲ್ಲಿ ೨೦೨೦ರ ನವೆಂಬರಿನಲ್ಲಿ ವಿವಾದವೆದ್ದಿತು. ಕೆಲಸದ ಹೊರೆ ಮಿತಿಮೀರಿತೆಂದು ಕಾರ್ಮಿಕರು ದೂರಿದರು. ಅವರ ಧರಣಿ ಕಾನೂನುಬಾಹಿರವೆಂದು ಆಡಳಿತವರ್ಗ ಹೇಳಿತು. ಕಾರ್ಖಾನೆಗೆ ಬೀಗ ಬಿದ್ದಿತು. ಶಾಸ್ತ್ರದ ತವರಿನವರಿಗೂ ಈ ಪರೀಕ್ಷೆ ತಪ್ಪಲಿಲ್ಲ.

ಆದುದರಿಂದ ಮಿತವ್ಯಯದ ಯೋಜನೆ ಎದುರಿಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ತಪ್ಪುವುದು ವ್ಯರ್ಥವಾದ ಹೆಜ್ಜೆಯೋ, ದುಡಿಯುವವನ ಉಸಿರೋ? ಮೊದಲನೆಯದಾದರೆ ಕೆಲಸಗಾರನೇ ಮುಂದಾಗಿ ದಾರಿ ತೋರಿಸಲಿ. ಪೋಲು ಎಲ್ಲಿದೆಯೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಎರಡನೆಯದಾದರೆ, ಹಗ್ಗವನ್ನು ಎಳೆಯುವ ಅಧಿಕಾರ ಅವನಿಗಿರಬೇಕು.